ಲಿಲಾವಿನ ದನಿಗೆ ಕ್ರಾಸ್‌ಓವರ್ ಕೂಡಿಸಿದ್ದು

ಒಬ್ಬರ ದನಿಗೆ ಅವರನ್ನೇ ಸಾಕ್ಷಿ ಕರೆಯಬೇಡಿ. ಸ್ಪೀಕರ್ ಮಾರುವವರಿಗೂ ಕೊಳ್ಳುವವರಿಗೂ ನನ್ನ ಮೊದಲ ಬುದ್ಧಿಮಾತು ಇದು. ನಾನು ಇದನ್ನು ಕಲಿತದ್ದು ಕಾರವಾರದಲ್ಲಿ, ಒಂದು ಮಳೆಗಾಲ, ಐದು ದಿನ ಪೆದ್ದನಾಗಿ.

ಎರಡು ಸಾವಿರದ ಐದೋ ಆರೋ ಇರಬೇಕು. ಅಂಕೋಲೆಯಲ್ಲಿ ನನ್ನದೊಂದು ಅಂಗಡಿ. ಟೇಪ್‌ರೆಕಾರ್ಡರ್ ರಿಪೇರಿಯಿಂದ ಶುರುಮಾಡಿ, ಯಾರ ಹತ್ತಿರವೂ ಕಲಿಯದೆ, ಸುಟ್ಟದ್ದನ್ನು ಬಿಚ್ಚಿ ಬಿಚ್ಚಿ ನೋಡಿಯೇ ಆಂಪ್ಲಿಫೈಯರ್ ಕಟ್ಟುವ ತನಕ ಬಂದಿದ್ದೆ. ಆ ವರ್ಷ ಮೊದಲ ಬಾರಿಗೆ ಎಲೆಕ್ಟ್ರಾನಿಕ್ ಕ್ರಾಸ್‌ಓವರ್ ಅನ್ನುವ, ದಪ್ಪ ದನಿ ತೆಳು ದನಿ ಬೇರೆ ಮಾಡುವ ಡಬ್ಬಿ ಇರುವ ಸೆಟ್ ಕಟ್ಟಿದೆ. ಗಿರಾಕಿ ಬೈತಖೋಲ ಬಂದರಿನಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವವರು, ಮನೆ ಶಿರವಾಡದಲ್ಲಿ. ಸೆಟ್ ಬೇಕಾದದ್ದು ಮನೆಯಲ್ಲಿ ಹಾಡು ಕೇಳಲಿಕ್ಕೆ. ನಾನು ಅವರಿಗೆ ಅಣ್ಣ ಅನ್ನುತ್ತಿದ್ದೆ, ಅವರು ನನಗೆ ತಮಾ ಅನ್ನುತ್ತಿದ್ದರು. ಹಾಗೆ ಕರೆದುಕೊಂಡ ಮೇಲೆ ಚೌಕಾಶಿ ಇನ್ನೂ ಬಿಗಿಯಾಗುತ್ತದೆ.

"ಅಲ್ಲ ತಮಾ, ಎರಡು ಸ್ಪೀಕರಿಗೆ ನಾಲ್ಕು ಆಂಪ್ಲಿಫೈಯರ್ ಯಾಕೆ? ನಾನೇನು ಟಾಕೀಸು ಇಟ್ಟಿದ್ದೇನಾ?"

"ಅಣ್ಣ, ಬೋಟಿನಿಂದ ಇಳಿದ ಮೀನನ್ನು ಎಲ್ಲಿ ಬೇರೆ ಮಾಡ್ತೀರಿ? ಬಂದರಿನ ಧಕ್ಕೆ ಮೇಲಾ, ಲಾರಿ ತುಂಬಿದ ಮೇಲಾ?"

"ಲಾರಿ ತುಂಬಿದ ಮೇಲೆ ಯಾವ ಹುಚ್ಚ ಬೇರೆ ಮಾಡ್ತಾನೆ?"

"ಪೇಟೆಯ ಸ್ಪೀಕರು ಮಾಡೋದು ಅದನ್ನೇ, ಆಂಪ್ಲಿಫೈಯರ್ ದಾಟಿದ ಮೇಲೆ. ನನ್ನ ಡಬ್ಬಿ ಧಕ್ಕೆ ಮೇಲೇ ಬೇರೆ ಮಾಡ್ತದೆ. ದಪ್ಪ ದನಿ ಒಂದು ಆಂಪ್ಲಿಫೈಯರಿಗೆ, ಅಲ್ಲಿಂದ ದೊಡ್ಡ ಸ್ಪೀಕರಿಗೆ. ತೆಳು ದನಿ ಇನ್ನೊಂದಕ್ಕೆ, ಅಲ್ಲಿಂದ ಟ್ವೀಟರು ಅನ್ನೋ ಸಣ್ಣ ಸ್ಪೀಕರಿಗೆ."

ಇದು ಅವರಿಗೆ ನಾಟಿತು. ದರ ಅರ್ಧ ಗಂಟೆಯಲ್ಲಿ ಕುದುರಿತು, ಶರತ್ತಿಗೆ ಎರಡು ದಿನ ಹಿಡಿಯಿತು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟು ನೀರಿಗೆ ಇಳಿಯುವುದರೊಳಗೆ ದನಿ ಅವರ ಮನಸ್ಸಿಗೆ ಬರಬೇಕು, ಇಲ್ಲದಿದ್ದರೆ ಸೆಟ್ಟನ್ನು ನಾನೇ ಹೊತ್ತುಕೊಂಡು ಹೋಗಬೇಕು. ಹೊರುವುದಕ್ಕೆ ನಾನು ಹೆದರುವವನಲ್ಲ. ಆದರೆ ಬೈತಖೋಲದ ಅರ್ಧ ಜನ ಸುದ್ದಿ ಕೇಳುವುದು ಅವರ ಬಾಯಿಂದ. ಡಬ್ಬಿ ವಾಪಸ್ ಕಳಿಸಿದೆ ಅಂತ ಅವರು ಒಂದು ಸಲ ಕೂಗಿಬಿಟ್ಟರೆ ಕಾರವಾರದಲ್ಲಿ ನನ್ನ ಎರಡನೆಯ ಸೆಟ್ ಹುಟ್ಟುವುದೇ ಇಲ್ಲ.

ಅಲ್ಲಿ ನನ್ನ ಜಾಣತನ ಸ್ವಲ್ಪ ಹೆಚ್ಚಾಯಿತು. ಹಾಡು ಹಾಕಿ ತೋರಿಸಿದರೆ, ಹಾಡಿದವನ ನಿಜ ದನಿ ನಾನೆಲ್ಲಿ ಕೇಳಿದ್ದೇನೆ ಅಂತ ಅಣ್ಣ ಅಂದುಬಿಡಬಹುದು. ಅವರ ದನಿ ಅವರಿಗೆ ಗೊತ್ತಿರಲೇಬೇಕಲ್ಲ. ಬಂದ್ ಶುರುವಾಗುವ ಮೊದಲು, ಧಕ್ಕೆ ಖಾಲಿಯಾದ ಹೊತ್ತು ನೋಡಿ, ಅವರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ, ಎದುರಿಗೆ ಬಂಗಡೆ ರಾಶಿ ಇದೆ ಅಂದುಕೊಂಡು ಕೂಗಿ ಅಂದೆ. ಒಳ್ಳೆಯ ಮೈಕಿನಲ್ಲಿ ಹಿಡಿದು ಸಿಡಿಗೆ ಇಳಿಸಿದೆ.

ಜೋಡಿಸುವ ಕ್ರಮ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಮೊದಲು ಸ್ಪೀಕರುಗಳನ್ನು ಗೋಡೆಯಿಂದ ಎರಡು ಮೊಳ ಮುಂದೆ ಎಳೆಯಿರಿ. ಮೂಲೆಗೆ ತಳ್ಳಿಟ್ಟರೆ ಯಾವ ಗುಂಡಿ ತಿರುಗಿಸಿದರೂ ಗುಂಯ್ ಅನ್ನುವುದು ಹೋಗುವುದಿಲ್ಲ. ಟ್ವೀಟರಿನ ತಂತಿಯನ್ನು ಎಲ್ಲಕ್ಕಿಂತ ಕಡೆಗೆ ಕೂಡಿಸಿ. ತಪ್ಪಿ ದಪ್ಪ ದನಿ ಅದಕ್ಕೆ ಹೋದರೆ ಕಣ್ಣುಮುಚ್ಚಿ ತೆಗೆಯುವುದರೊಳಗೆ ಸುಟ್ಟುಹೋಗುತ್ತದೆ. ನನ್ನವು ಎರಡು ಹಾಗೇ ಹೋಗಿವೆ. ಆಮೇಲೆ ಟ್ವೀಟರಿನ ಎರಡು ತಂತಿ ಅದಲುಬದಲು ಮಾಡಿ ಕೇಳಿ. ಒಂದು ರೀತಿಯಲ್ಲಿ ಮಾತು ನಡುವೆ ಟೊಳ್ಳಾಗುತ್ತದೆ, ಇನ್ನೊಂದನ್ನು ಇಟ್ಟುಕೊಳ್ಳಿ. ಉಳಿದದ್ದು ಎರಡು ಗುಂಡಿ, ದಪ್ಪಕ್ಕೊಂದು ತೆಳುವಿಗೊಂದು. ಸರಿ ಅನ್ನಿಸಿದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಚಹಾ ಕುಡಿದು ಬಂದು ಮತ್ತೆ ಕೇಳಿ.

ಬಂದ್ ಶುರುವಾದ ಮೇಲೆ ಅಣ್ಣನ ಮನೆಯಲ್ಲಿ ಇಷ್ಟೆಲ್ಲ ಮಾಡಿ ಸಿಡಿ ಹಾಕಿದೆ. "ನೂರಾ ಇಪ್ಪತ್ತು, ಇಪ್ಪತ್ತು, ಇಪ್ಪತ್ತು..." ಅಣ್ಣನೇ ಪೆಟ್ಟಿಗೆಯಿಂದ ಇಳಿದು ಎದುರು ಬಂದು ನಿಂತ ಹಾಗಿತ್ತು. ಕುರ್ಚಿಯಲ್ಲಿದ್ದ ಅಣ್ಣ ಮುಖ ಕಿವುಚಿದರು.

"ಯಾರಿಂವ?"

"ನೀವೇ."

"ನಾನಲ್ಲ. ಇಂವ ಯಾರೋ ಮೂಗು ಹಿಡ್ಕೊಂಡು ಕೂಗ್ತಾನೆ. ನನ್ನ ದನೀಲಿ ಒಂದು ವಜನು ಅದೆ."

ತೆಳುವಿನ ಗುಂಡಿ ಇಳಿಸಿದೆ. ಸಾಲದು. ಮರುದಿನ ಮತ್ತೆ ಬಸ್ಸು ಹತ್ತಿ ಬಂದು ದಪ್ಪದ್ದನ್ನು ಏರಿಸಿದೆ. ಅದೂ ಸಾಲದು. ಬೋಟು ಇಲ್ಲದ್ದರಿಂದ ಅವರಿಗೆ ಬೇರೆ ಕೆಲಸವಿಲ್ಲ, ಬೆಳಿಗ್ಗೆಯಿಂದ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಐದನೆಯ ದಿನ ನಾನೇ, ನಾಚಿಕೆ ಬಿಟ್ಟು, ಸ್ಪೀಕರುಗಳನ್ನು ಮೂಲೆಗೆ ತಳ್ಳಿದೆ.

"ಹಾಂ, ಈಗ ಬಂದೆ ನೋಡು ನಾನು," ಅಂದರು.

ನನ್ನ ಕಿವಿ ಬೇಡ ಅಂದಿತು. ನನ್ನ ಬಾಯಿ "ಇದೇ ಸರಿ ಅಣ್ಣ" ಅಂದಿತು.

ಅಷ್ಟರಲ್ಲಿ ಅವರ ಹೆಂಡತಿ ಶೆಟಗೇರಿಯ ತವರಿನಿಂದ ಬಂದರು. ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಯಾರನ್ನು ಪೀಪಾಯಿಯೊಳಗೆ ಹಾಕಿದ್ದೀರಿ?"

"ಅದು ನಾನು," ಅಂದರು ಅಣ್ಣ.

"ನೀವಾ? ಇಪ್ಪತ್ತೆರಡು ವರ್ಷ ಹಿಂಗೆ ಕೂಗಿದ್ದರೆ ನನ್ನ ಕಿವಿ ಎಂದೋ ಹೋಗ್ತಿತ್ತು. ಒಂದೋ ಈ ಡಬ್ಬಿ ಮನೇಲಿ ಇರಲಿ, ಇಲ್ಲಾ ನಾನು."

ಗಂಡನನ್ನು ಒಪ್ಪಿಸಿದರೆ ಹೆಂಡತಿ ಬಿಡುವುದಿಲ್ಲ, ಹೆಂಡತಿಗೆ ಸರಿಮಾಡಿದರೆ ಗಂಡ ಬಿಡುವುದಿಲ್ಲ. ಹೇಗೆ ನೋಡಿದರೂ ಸೆಟ್ ನನ್ನ ಹೆಗಲಿಗೇ. ಇನ್ನು ಕಳೆದುಕೊಳ್ಳುವುದು ಏನೂ ಇಲ್ಲವೆಂದು ಅತ್ತಿಗೆಗೆ ಹೇಳಿದೆ:

"ವಹಿನಿ, ನೀವು ಅಡಿಗೆಮನೇಲಿ ಇರಿ. ಒಮ್ಮೆ ಡಬ್ಬಿ ಕೂಗ್ತದೆ, ಒಮ್ಮೆ ಅಣ್ಣ ಕೂಗ್ತಾರೆ. ಯಾವುದು ಯಾರು ಅಂತ ಅಲ್ಲಿಂದಲೇ ಹೇಳಿ."

ಸ್ಪೀಕರುಗಳನ್ನು ಮುಂದೆ ಎಳೆದು, ಗುಂಡಿಗಳನ್ನು ಮೊದಲ ದಿನದ ಪೆನ್ಸಿಲ್ ಗುರುತಿಗೆ ತಂದು ಸಿಡಿ ಹಾಕಿದೆ.

"ಇದು ಅವರು," ಅಂತ ಒಳಗಿನಿಂದ ಬಂತು.

ಅಣ್ಣ ನನ್ನ ಮುಖ ನೋಡಿದರು. ನಾನು ಇನ್ನೊಮ್ಮೆ ಹಾಕಿದೆ.

"ಇದೂ ಅವರೇ. ಗಂಟಲು ನೋಯ್ತದೆ, ಸಾಕು ಮಾಡ್ರಿ."

ಅಣ್ಣ ಕುರ್ಚಿಯಿಂದ ಎದ್ದರು. ಅಂಗಿ ಕೆಳಗೆ ಎಳೆದುಕೊಂಡರು. ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆಯಿಂದ ದನಿ ಎತ್ತಿ, ಇದ್ದ ವಜನನ್ನೆಲ್ಲ ಹೇರಿ ಕೂಗಿದರು: "ನೂರಾ ಇಪ್ಪತ್ತು."

"ಇದು ಡಬ್ಬಿ," ಅಂದರು ವಹಿನಿ. "ಮತ್ತೆ ಪೀಪಾಯಿ ಮಾಡಿದ್ರಿ ನೋಡಿ."

ನಾನು ತಂತಿ ಹುಡುಕುವವನ ಹಾಗೆ ಸ್ಪೀಕರಿನ ಹಿಂದೆ ಬಗ್ಗಿದೆ, ನಗು ಮುಗಿಯುವ ತನಕ ಏಳಲಿಲ್ಲ.

ನಮ್ಮ ದನಿ ನಮಗೆ ತಲೆಬುರುಡೆಯ ಒಳಗಿನಿಂದಲೂ ಕೇಳುತ್ತದೆಯಂತೆ, ಅದಕ್ಕೇ ದಪ್ಪ. ಊರಿಗೆ ಕೇಳುವುದು ಹೊರಗಿನದು ಮಾತ್ರ. ಇದನ್ನು ನಾನು ಆಮೇಲೆ ಓದಿದೆ. ಮೊದಲೇ ಓದಿದ್ದರೆ ಐದು ದಿನದ ಬಸ್ಸು ತಪ್ಪುತ್ತಿತ್ತು.

"ಹಂಗಾರೆ ಇಷ್ಟು ವರ್ಷ ಬಂದರಿನಲ್ಲಿ ಎಲ್ಲರಿಗೂ ಕೇಳಿದ್ದು ಇದೇ ದನಿಯಾ?" ಅಣ್ಣ ಕೇಳಿದ್ದು ನನ್ನನ್ನಲ್ಲ.

ವಹಿನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಇದೇ. ಇಷ್ಟು ಚೂಪು ಇದ್ದದ್ದಕ್ಕೇ ಆ ಗಾಳೀಲಿ, ಆ ಇಂಜಿನ್ ಸದ್ದಿನಲ್ಲಿ ಕಡೇ ಬೋಟಿನವರಿಗೂ ಕೇಳ್ತದೆ. ಪೀಪಾಯಿ ಕೂಗಿದ್ದರೆ ಅಲ್ಲಿ ಯಾರು ತಿರುಗಿ ನೋಡ್ತಿದ್ರು?"

ನಿಮ್ಮ ಮಾಲನ್ನು ಗಿರಾಕಿಯ ಮನೆಯವರೇ ಮಾರುತ್ತಿರುವಾಗ ನಡುವೆ ಮಾತಾಡಬಾರದು, ಇದನ್ನೂ ಬರೆದಿಟ್ಟುಕೊಳ್ಳಿ.

"ಇನ್ನೊಂದು ಸಲ ಹಾಕು ತಮಾ," ಅಂದರು ಅಣ್ಣ. ಈ ಸಲ ಮುಖ ಕಿವುಚದೆ ಕೊನೆಯ ತನಕ ಕೇಳಿದರು. ಆಮೇಲೆ, "ಗುಂಡಿ ಇಲ್ಲೇ ಇರಲಿ. ಯಾರಾದ್ರೂ ತಿರುಗಿಸಿಬಿಟ್ರೆ?"

"ಉಗುರಿಗೆ ಹಚ್ಚುವ ಬಣ್ಣ ಒಂದು ಹನಿ ಬಿಟ್ಟರೆ ಅಲ್ಲೇ ಕೂತ್ಕೊಳ್ತದೆ. ನಾವು ಮಾಡೋದು ಹಾಗೇ."

ವಹಿನಿ ಕೆಂಪು ಬಾಟಲಿ ತಂದರು. ನಾನು ಕೈ ಚಾಚಿದೆ. ಅಣ್ಣ ಕೊಡಲಿಲ್ಲ. ಕನ್ನಡಕ ಏರಿಸಿಕೊಂಡು, ಉಸಿರು ಹಿಡಿದು, ತೆಳುವಿನ ಗುಂಡಿಗೆ ತಾವೇ ಒಂದು ಹನಿ ಇಟ್ಟರು.