ಹೆಬ್ಬಾತುಗಳು ಕಾಯ್ದ ಹಿತ್ತಲು

ನಮ್ಮ ಕೂಡ್ಲಿಗಿಯ ಹೊಸ ಬಡಾವಣೆಯಲ್ಲಿ ಬೆಳಗಿನ ವಾಕಿಂಗಿಗೆ ಹೊರಟರೆ ಗೇಟುಗೇಟಿಗೂ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಎದುರಾಗುತ್ತದೆ. ಫಲಕವಿರುವ ಮನೆಗಳಲ್ಲಿ ಅರ್ಧಕ್ಕರ್ಧ ನಾಯಿಯೇ ಇಲ್ಲವೆಂಬುದು ಬೀದಿನಾಯಿಗಳಿಗೂ ಗೊತ್ತು. ಒಂದು ಮನೆಯವರಂತೂ ನಾಯಿ ಸತ್ತು ಎಷ್ಟೋ ಕಾಲವಾದರೂ ಫಲಕಕ್ಕೆ ಮಾತ್ರ ವರ್ಷವರ್ಷವೂ ಬಣ್ಣ ಬಳಿಯುತ್ತಾರೆ. ನೋಡಿ ನಗು ಬರುತ್ತದೆ. ಬಂದ ನಗು ನಮ್ಮ ಹಳೆಯ ಮನೆಯ ಗೇಟು ನೆನಪಾಗುತ್ತಲೇ ಅರ್ಧಕ್ಕೆ ನಿಲ್ಲುತ್ತದೆ. ಆ ಗೇಟಿಗೆ ಫಲಕವಿರಲಿಲ್ಲ, ಹೆಬ್ಬಾತುಗಳಿದ್ದವು.

ನನ್ನ ವೃತ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಸಂಗದಲ್ಲಿ ನೀವು ನಗುವುದಕ್ಕೆ ಇರುವುದು ಹೆಚ್ಚುಕಡಿಮೆ ಅದೊಂದೇ. ನಾನು ಪತ್ರ ಬರಹಗಾರ. ನೋಂದಣಿ ಕಚೇರಿಯೆದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ಮಂದಿಯ ಹೊಲಮನೆಗಳ ಕ್ರಯಪತ್ರ ಬರೆದೇ ತಲೆ ನೆರೆಸಿಕೊಂಡವನು. ‘ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿಜಾಡು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಬಂಜರು’ ಎಂದು ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದು ಚುಕ್ಕೆಯಿಟ್ಟೆನೆಂದರೆ, ಆಚಂದ್ರಾರ್ಕ ಪರ್ಯಂತ ಆ ಗೆರೆಯನ್ನು ಯಾರೂ ದಾಟಲಾರರೆಂಬ ಗತ್ತು ನನಗೆ. ಅಂಥ ಮಹಾಶಯನ ಸ್ವಂತ ಹಿತ್ತಲಿಗೆ ಹಾಡುಹಗಲೇ ಮುಂಗುಸಿ ಬಂದು ಹೋಗುತ್ತಿತ್ತು. ಪಾಪ, ಅದಕ್ಕೆ ಓದು ಬರುತ್ತಿರಲಿಲ್ಲ.

ಮುಂಗುಸಿ ಬರುತ್ತಿದ್ದುದು ನಮ್ಮ ಅಕ್ಕ ಗಂಗಮ್ಮನ ಕೋಳಿಗಳಿಗಾಗಿ. ಅಕ್ಕನನ್ನು ಹಡಗಲಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ. ಜ್ವರವೆಂದು ಮಲಗಿದ ಭಾವ ಮತ್ತೆ ಏಳಲಿಲ್ಲ. ತಿಥಿ ಮುಗಿಯುತ್ತಿದ್ದಂತೆ ಅವರ ಮನೆಯವರು ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದನ್ನು ಬರೆದವನೂ ನನ್ನಂಥವನೇ ಒಬ್ಬ. ಅಕ್ಷರ ನನ್ನವಕ್ಕಿಂತ ದುಂಡಗಿದ್ದವು, ಹಾಳಾಗಿ ಹೋಗಲಿ. ಕಡೆಗೆ ಅಕ್ಕ ಕೂಡ್ಲಿಗಿ ಬಸ್ಸಿನಿಂದ ಇಳಿದಾಗ ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದು ಕೈಯಲ್ಲಿ ಬಿದಿರಿನ ಪುಟ್ಟಿ. ಪುಟ್ಟಿಯೊಳಗೆ ಭಾವ ಕೈಯಾರೆ ಕಾಳು ಹಾಕಿ ಸಾಕಿದ್ದ ಕರಿಯ ಹೇಂಟೆ, ಅದರದೊಂದು ಹುಂಜ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳ ಪಾಲಿಗೆ ಬಂದದ್ದು ಅಷ್ಟೇ.

ನಮ್ಮ ಮನೆಯೊಳಗೆ ಅಕ್ಕ ನೆಂಟಳಂತೆ ಇದ್ದಳು. ಎಲ್ಲರದೂ ಊಟವಾದ ಮೇಲೆ ತಟ್ಟೆ ಹಾಕಿಕೊಳ್ಳುವಳು. ಚಿಟಿಕೆ ಉಪ್ಪು ಬೇಕಾದರೂ ನನ್ನ ಹೆಂಡತಿ ಶಾರದೆಯನ್ನು “ತಗೊಳ್ಳಲೇನವ್ವಾ?” ಎಂದು ಕೇಳುವಳು. “ಗಂಗಕ್ಕ, ಇದು ನಿಮ್ಮನೀನೂ ಹೌದ್ರಿ, ಕೇಳಬ್ಯಾಡ್ರಿ” ಎಂದು ಶಾರದೆ ಹೇಳಿ ಹೇಳಿ ಸೋತಳು. ಆದರೆ ಹಿತ್ತಲ ಬಾಗಿಲು ದಾಟಿದೊಡನೆ ಅಕ್ಕ ಬೇರೆಯೇ ಹೆಂಗಸು! ಸೊಂಟಕ್ಕೆ ಸೆರಗು ಸಿಗಿಸಿ, ಕೋಳಿಗಳನ್ನು ಬೈದು, ಅಡ್ಡ ಬಂದ ನನ್ನನ್ನೂ ಸೇರಿಸಿ ಬೈದು, ಯಾರನ್ನೂ ಕೇಳದೆ ತೊಟ್ಟಿಯ ನೀರು ಮೊಗೆದು ಚೆಲ್ಲಾಡುವಳು. ಆ ಕರಿಯ ಕೋಳಿಯ ಸಂತಾನ ಬೆಳೆದು ಹಿತ್ತಲು ತುಂಬಿದಷ್ಟೂ ಅಕ್ಕನಿಗೆ ಈ ಭೂಮಿಯ ಮೇಲೆ ಕಾಲೂರಲು ಜಾಗವಾಗುತ್ತಿತ್ತು. ಇದು ನನಗೆ ಗೊತ್ತಿತ್ತು. ಆದ್ದರಿಂದಲೇ ಮುಂಗುಸಿ ಒಂದೊಂದು ಮರಿ ಒಯ್ದಾಗಲೂ ನಾನು ಬೇಲಿಯ ಸಂದು ಹುಡುಕಿ ಮುಳ್ಳು ತುರುಕುತ್ತಿದ್ದೆ.

ಹೆಬ್ಬಾತಿನ ಸಲಹೆ ಕೊಟ್ಟವರು ಹಗರಿಬೊಮ್ಮನಹಳ್ಳಿ ಕಡೆಯಿಂದ ಪತ್ರ ಬರೆಸಲು ಬಂದಿದ್ದ ಒಬ್ಬ ಗೌಡರು. “ಒಂದು ಜೋಡಿ ಬಾತು ಬಿಡ್ರಿ ಸ್ವಾಮಿ, ಮುಂಗುಸಿ ಅಲ್ಲ, ನಿಮ್ಮ ಬೀಗರೂ ಒಳಗ ಬರಾಂಗಿಲ್ಲ” ಎಂದರು. ಅವರ ತೋಟದಿಂದಲೇ ತಂದೆ. ಗೋಣಿಚೀಲದಿಂದ ಕತ್ತು ಹೊರಹಾಕಿಕೊಂಡ ಆ ದಂಪತಿಗಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಂಡಕ್ಟರನ ಮೇಲೆ ಬುಸುಗುಟ್ಟಿದವು. ಅವನು ಹಿಂದಿನ ಸೀಟುಗಳ ಟಿಕೇಟು ಕೊಡುವ ಗೋಜಿಗೇ ಹೋಗಲಿಲ್ಲ. ಹೆಬ್ಬಾತೂ ಹಂಸದ ಕುಲದ್ದೇ ಎಂದು ಎಲ್ಲೋ ಓದಿದ್ದೆನಾದ್ದರಿಂದ, ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲ ವಿವೇಕಶಾಲಿಗಳು ಮನೆಗೆ ಬಂದಿವೆಯೆಂದು ಅಕ್ಕನೆದುರು ಪಾಂಡಿತ್ಯ ತೋರಿಸಿದೆ. ಅವು ಮುಸುರೆ ಬಾನಿಗೆ ಕೊಕ್ಕು ಹಾಕಿ ಎಲ್ಲವನ್ನೂ ಒಟ್ಟಿಗೇ ನುಂಗಿದವು. “ಭಾಳ ಶಾಣ್ಯಾ ಅದಾವ ಬಿಡಪ್ಪಾ, ನಿನ್ನಂಗ” ಎಂದಳು ಅಕ್ಕ.

ಆದರೆ ಕಾವಲೆಂದರೆ ಕಾವಲು. ಜಾಲಿಯ ಪೊದೆ ಅಲುಗಿದರೆ ಸಾಕು, ಕತ್ತು ನೆಲಕ್ಕೆ ಚಾಚಿ, ರೆಕ್ಕೆ ಬಿಚ್ಚಿ, ಬೀದಿಯೇ ಬೆಚ್ಚುವಂತೆ ಅರಚಿಕೊಂಡು ನುಗ್ಗುತ್ತಿದ್ದವು. ಮುಂಗುಸಿ ಬರುವುದು ನಿಂತಿತು. ಹದ್ದು ಕೂಡ ನಮ್ಮ ಹಿತ್ತಲನ್ನು ಬಿಟ್ಟು ಸುತ್ತತೊಡಗಿತು. ಹಾಲಿನವನು, ಪೋಸ್ಟಿನವನು, ಗ್ಯಾಸಿನವನು, ನಮ್ಮ ಮಾವ, ಯಾರು ಬಂದರೂ ಅದೇ ಅರಚಾಟ. ಅಕ್ಕ ಬಂದು “ಸುಮ್ನಿರ್ರಿ, ನಮ್ಮವ್ರು” ಎಂದು ಕೋಲು ತೋರಿಸಿದರೆ ಮಾತ್ರ ಸರಿದು ನಿಲ್ಲುವವು. ಮರಿಗಳು ಬೆಳೆದವು, ಮರಿಗಳ ಮರಿಗಳೂ ಬೆಳೆದವು. ಆ ವರ್ಷ ಅಕ್ಕ ಒಂದಿಷ್ಟು ಮೈ ಕೈ ತುಂಬಿಕೊಂಡಳು.

ಕೀರ್ತಿ ಬಸ್ಸಿನಲ್ಲಿ ಓಡಾಡುತ್ತದೆ. ಕೂಡ್ಲಿಗಿಯ ಗಂಗಮ್ಮನ ಹಿತ್ತಲಲ್ಲಿ ಒಂದು ಕೋಳಿಯೂ ಸಾಯುವುದಿಲ್ಲವಂತೆ ಎಂಬ ಸುದ್ದಿ ಹಡಗಲಿ ಸೀಮೆಗೂ ಹೋಯಿತು. ನಮ್ಮ ಕಡೆ ಊರಿಗೆ ಕೋಳಿಬೇನೆ ಬಿದ್ದರೆ, ಉಳಿದ ಕೋಳಿಗಳನ್ನು ಪುಟ್ಟಿಗೆ ಹಾಕಿಕೊಂಡು ನೆಂಟರೂರಿಗೆ ಸಾಗಿಸುವುದು ವಾಡಿಕೆ. ಊರು ಬದಲಾದರೆ ಗಾಳಿ ಬದಲಾಗುತ್ತದೆ, ಜೀವ ಉಳಿಯುತ್ತದೆಂಬ ನಂಬಿಕೆ. ತಂದ ಕೋಳಿಯನ್ನು ಬೇಡವೆನ್ನುವುದೆಂದರೆ ನೆಂಟಸ್ತಿಕೆಯನ್ನೇ ಬೇಡವೆಂದ ಹಾಗೆ. ಹಾಗೆ ಒಂದು ಮಧ್ಯಾಹ್ನ ಪುಟ್ಟಿ ಹೊತ್ತು ಗೇಟಿನಲ್ಲಿ ಬಂದು ನಿಂತವಳು ಹುಲಿಗೆವ್ವ, ಭಾವನ ತಂಗಿ. ಹೆಬ್ಬೆಟ್ಟು ಒತ್ತಿದ ದಿನದ ತರುವಾಯ ಆ ಮನೆಯಿಂದ ಒಂದು ನರಪಿಳ್ಳೆಯೂ ಅಕ್ಕನನ್ನು ಕಾಣಲು ಬಂದಿರಲಿಲ್ಲ.

ಹೆಬ್ಬಾತುಗಳು ಎಂದಿನಂತೆ ಅರಚುತ್ತ ನುಗ್ಗಿದವು. ಹುಲಿಗೆವ್ವ ಗೇಟಿನಾಚೆಯಿಂದಲೇ ಕೂಗಿದಳು: “ಅತ್ತಿಗೀ, ನಮ್ಮೂರಾಗ ಕೋಳಿ ಸಾಯಾಕ ಹತ್ಯಾವ. ಇವೊಂದಿಷ್ಟು ಉಳದಾವ. ನಿನ್ನ ಹಂತ್ಯಾಕಿದ್ರ ಬದುಕ್ತಾವ ಅಂತ ತಂದೀನಿ, ಇಲ್ಲ ಅನಬ್ಯಾಡ.”

ಅಕ್ಕನ ಮುಖ ನೋಡಬೇಕಿತ್ತು ನೀವು. ಬೇಡವೆಂದು ಕಳಿಸಿದ ಮನೆ ತಾನಾಗಿ ಬಂದು ಬೇಡುತ್ತಿತ್ತು! ಕೋಲು ಕೈಗೆತ್ತಿಕೊಂಡು, “ಹೇ, ಸರೀರಿ ಅತ್ತಾಗ, ನಮ್ಮವ್ರು, ನಮ್ಮವ್ರು” ಎಂದು ಹೆಬ್ಬಾತುಗಳನ್ನು ಬಡಿದಟ್ಟಿ, ತಾನೇ ಚಿಲಕ ತೆಗೆದಳು. ಹುಲಿಗೆವ್ವನಿಗೆ ಚಹಾ ಕೊಟ್ಟಳು. ಶಾರದೆಯನ್ನು ಕೇಳದೆ ಸಕ್ಕರೆ ಹಾಕಿದಳು; ಅದೇ ಮೊದಲು.

ಮುಂದಿನದನ್ನು ಬೇಗ ಮುಗಿಸುತ್ತೇನೆ. ವಾರ ತುಂಬುವ ಮೊದಲೇ ಹುಲಿಗೆವ್ವನ ಕೋಳಿಗಳು ತೂಕಡಿಸಿದವು, ಆಮೇಲೆ ನಮ್ಮವು. ಬಾಯಿ ತೆರೆದು ಉಸಿರಿಗೆ ಒದ್ದಾಡಿ, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬಿದ್ದವು. ಅಕ್ಕ ಅರಿಸಿನ ಕಲಸಿ ಕುಡಿಸಿದಳು, ಬೆಳ್ಳುಳ್ಳಿ ಅರೆದು ನುಂಗಿಸಿದಳು. ದನದ ಡಾಕ್ಟರು ಬಂದು ನೋಡಿ, “ಕೊಕ್ಕರೆ ರೋಗರೀ. ಇಂಜೆಕ್ಷನ್ ಮೊದಲ ಹಾಕಿಸಬೇಕಿತ್ತು, ಈಗ ಏನೂ ಮಾಡಾಕ ಬರಾಂಗಿಲ್ಲ” ಎಂದರು. ಭಾವ ಸಾಕಿದ್ದ ಕರಿಯ ಹೇಂಟೆ ಎಲ್ಲಕ್ಕಿಂತ ಕಡೆಗೆ ಹೋಯಿತು, ಅಕ್ಕನ ಮಡಿಲಲ್ಲಿ. ಹೆಬ್ಬಾತುಗಳಿಗೆ ಏನೂ ಆಗಲಿಲ್ಲ. ಸತ್ತವುಗಳ ಮೇಲೆ ಎರಗಲು ಬಂದ ಕಾಗೆಗಳನ್ನು ಓಡಿಸುತ್ತ, ಅವು ಗೂಡಿನ ಮುಂದೆ ನಿಯತ್ತಿನಿಂದ ನಿಂತೇ ಇದ್ದವು. ಬಾತುಗಳಿಗೆ ಮುಂಚೆಯೇ ತಿಳಿದಿತ್ತು, ಅದಕ್ಕೇ ಅಂದು ಹಾಗೆ ಅರಚಿದವು ಎಂದು ಓಣಿಯವರು ಹೇಳಿದರು. ನನಗೆ ನಂಬಿಕೆಯಿಲ್ಲ. ಅವು ಹಾಲಿನವನಿಗೂ ಹಾಗೆಯೇ ಅರಚುತ್ತಿದ್ದವು.

ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ ಮೇಲೆ, ಏನೂ ತಿಳಿಯದ ಹುಲಿಗೆವ್ವ ಮತ್ತೆ ಬಂದಳು. “ಹೆಂಗದಾವ ಅತ್ತಿಗಿ, ನನ್ನ ಕೋಳಿ?”

“ಹೋದ್ವವ್ವ. ನಿನ್ನವೂ ಹೋದ್ವು, ನನ್ನವೂ ಹೋದ್ವು.”

“ನಮ್ಮಣ್ಣನ ಕರೀ ಕೋಳಿ?”

“ಅದೂ.”

ಹುಲಿಗೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಪುಟ್ಟಿಗೆ ಕೈ ಚಾಚಿದಳು. “ತಡಿ, ಬರೇ ಪುಟ್ಟಿ ಒಯ್ಯಬಾರದು” ಎಂದು ಅಕ್ಕ ಕೋಳಿಗಳಿಗೆಂದು ಇಟ್ಟಿದ್ದ ಜೋಳವನ್ನೆಲ್ಲ ತಂದು ಅದರೊಳಗೆ ಸುರಿದಳು, ಡಬ್ಬಿಯ ತಳ ಬಡಿದು ಬಡಿದು. ಹುಲಿಗೆವ್ವ ಹೊರಟಾಗ ಹೆಬ್ಬಾತುಗಳು ಅರಚುತ್ತ ಗೇಟಿನವರೆಗೂ ಬೆನ್ನಟ್ಟಿದವು. ಅಕ್ಕ ಈ ಸಲ ಸುಮ್ಮನಿರಿ ಎನ್ನಲಿಲ್ಲ. ಆಮೇಲೆ ಹಿತ್ತಲಿನಲ್ಲೇ ನಿಂತು, ತನ್ನ ಕೈಗೆ ಹತ್ತಿದ್ದ ಜೋಳದ ಧೂಳನ್ನು ನೋಡಿಕೊಂಡು, ಅಡುಗೆಮನೆಯ ಕಡೆ ತಿರುಗಿ ಕೇಳಿದಳು: “ಶಾರದಾ, ತೊಟ್ಟಿ ನೀರು ಒಂದು ತಂಬಿಗಿ ತಗೊಳ್ಳಲೇನವ್ವಾ?”

ಶಾರದೆ ಒಲೆಯ ಮುಂದೆ ಕುಳಿತು ಅತ್ತಳು. ಅಕ್ಕ ಮತ್ತೆ ಕೋಳಿ ಸಾಕಲಿಲ್ಲ. ಅವಳು ತೀರಿಹೋಗುವವರೆಗೂ, ಹೋದ ಮೇಲೂ ಒಂದಷ್ಟು ಕಾಲ, ಹೆಬ್ಬಾತುಗಳು ಖಾಲಿ ಗೂಡನ್ನು ಕಾಯುತ್ತಲೇ ಇದ್ದವು.

ಮೊನ್ನೆ ಬೆಳಿಗ್ಗೆ ಆ ನಾಯಿಯಿಲ್ಲದ ಮನೆಯಾಕೆ ಸ್ಟೂಲಿನ ಮೇಲೆ ನಿಂತು ಫಲಕಕ್ಕೆ ಬಣ್ಣ ಬಳಿಯುತ್ತಿದ್ದರು. ನಾನು ನಗಲಿಲ್ಲ. ಸ್ಟೂಲು ಅಲ್ಲಾಡುತ್ತಿತ್ತು, ಅವರು ಬಣ್ಣ ಮುಗಿಸುವವರೆಗೂ ಹಿಡಿದುಕೊಂಡು ನಿಂತಿದ್ದೆ.