ಲಕೋಟೆಗೆ ಹೋದ ಓಟು

ಎಪ್ಪತ್ತರ ದಶಕದಲ್ಲಿ ನಾನು ಕುರುಗೋಡಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಬಳ್ಳಾರಿಯಲ್ಲಿ ಓದಿದವನೆಂಬ ಜಂಬ, ಬಾಯಿ ಜೋರು, ತಾಳ್ಮೆ ಮಾತ್ರ ಸೊನ್ನೆ. ಲೋಕಸಭೆ ಚುನಾವಣೆಗೆ ಮುಂಚೆ ಮತದಾರರ ಪಟ್ಟಿ ಬರೆಯುವ ಕೆಲಸ ನಮ್ಮ ತಲೆಗೇ ಬಿತ್ತು. ಶಾಲೆ ಬಿಟ್ಟ ಮೇಲೆ ಮನೆ ಮನೆ ತಿರುಗಬೇಕು. ಮನೆ ನಂಬರು, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು. ಆಗಿನ ಕಾನೂನಿನಂತೆ ಇಪ್ಪತ್ತೊಂದು ತುಂಬಿದವರನ್ನೆಲ್ಲ ಬರೆದುಕೊಳ್ಳಬೇಕು.

ಗಂಡಸರು ಮನೆಯಲ್ಲಿದ್ದರೆ ಸಲೀಸು. ಹೆಂಗಸರಷ್ಟೇ ಇದ್ದರೋ, ನನ್ನ ಕಥೆ ಮುಗಿದಂತೆಯೇ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಮದುವೆ ಮನೆಯಲ್ಲಿ ಎಲ್ಲರೂ ಕಾಡಿದಾಗ ಒಡಪು ಕಟ್ಟಿ, ಪದ್ಯದ ನಡುವೆ ಸೇರಿಸಿ ಹೇಳಿದ್ದಷ್ಟೇ, ಆಮೇಲೆ ಜೀವ ಹೋದರೂ ಇಲ್ಲ.

ಕೋಟೆಯ ಕಡೆಯ ಓಣಿಯಲ್ಲಿ ಒಬ್ಬಾಕೆ ಇದ್ದಳು. ವಯಸ್ಸು ನಲವತ್ತೈದರ ಆಜುಬಾಜು. ಗಂಡ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವನು. ನನ್ನ ಕೈಯಲ್ಲಿ ಕಾಗದ ಕಂಡದ್ದೇ ತಡ, ಆಕೆ ರೊಟ್ಟಿ ತಟ್ಟುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಹೋದ ಸಲ ಅರ್ಧ ದಿನ ಪಾಳಿ ಹಚ್ಚಿ ನಿಂತಿದ್ದೆ, ಮೇಷ್ಟ್ರೇ. ಪಟ್ಟಿಯಾಗ ನಿನ್ನ ಹೆಸರ ಇಲ್ಲ, ನಡಿ ಅಂದ್ರು. ಎಲ್ಲಾರೂ ನಕ್ಕರು. ಈ ಸಲ ನಂದೊಂದು ಓಟು ಆ ಡಬ್ಬ್ಯಾಗ ಬೀಳಬೇಕ್ರಿ. ಊರಾಗ ನಾನೂ ಅದೀನಿ ಅಂತ ಗೊತ್ತಾಗಲಿ."

"ಹಂಗಾರ ಗಂಡನ ಹೆಸರು ಹೇಳವ್ವ."

"ಅಯ್ಯ ಶಿವನೇ! ಅದೊಂದು ಕೇಳಬ್ಯಾಡ್ರಿ."

ನಾನು ರೇಗಿದೆ, ಗೋಗರೆದೆ. ಊಹೂಂ. ಕೊನೆಗೆ ಆಕೆಯೇ ಗೋಡೆಯಾಚೆ ಪಕ್ಕದ ಮನೆ ಮುದುಕಿಯನ್ನು ಕೂಗಿದಳು. ಮುದುಕಿ ಅಲ್ಲಿಂದಲೇ ಹೆಸರು ಒದರಿದಳು. ಅದನ್ನು ನಾನು ಬರೆದುಕೊಳ್ಳುವಾಗ ಆಕೆ ನಾಚಿ ಅತ್ತ ಮುಖ ತಿರುಗಿಸಿ ನಿಂತಿದ್ದಳು.

"ಆತು ನೋಡವ್ವ. ಇನ್ನ ನಿನ್ನ ಓಟು ಯಾರೂ ತಪ್ಪಸಾಕ ಆಗಲ್ಲ" ಎಂದು ಬಡಾಯಿ ಕೊಚ್ಚಿ ಬಂದೆ.

ಮತದಾನ ನಮ್ಮ ಶಾಲೆಯಲ್ಲೇ. ನಾನು ಬರೀ ಬೀಗ ತೆಗೆದುಕೊಡಲು ಹೋದವನು. ಬಳ್ಳಾರಿಯಿಂದ ಬಂದಿದ್ದ ಸಿಬ್ಬಂದಿಯಲ್ಲಿ ಒಬ್ಬರಿಗೆ ವಾಂತಿ ಶುರುವಾಗಿ, ಮತಗಟ್ಟೆ ಅಧಿಕಾರಿ ನನ್ನನ್ನೇ ಹಿಡಿದು ಅವರ ಕುರ್ಚಿಯಲ್ಲಿ ಕೂರಿಸಿದರು. ಪಟ್ಟಿಯಲ್ಲಿ ಹೆಸರು ಹುಡುಕಿ, ಗಟ್ಟಿಯಾಗಿ ಓದಿ, ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಪಕ್ಕದವರು ಬೆರಳಿಗೆ ಮಸಿ ಹಚ್ಚಿ ಮತಪತ್ರ ಕೊಡುತ್ತಿದ್ದರು. ಮರೆಗೆ ಹೋಗಿ ಗುರುತಿನ ಮೇಲೆ ಮುದ್ರೆ ಒತ್ತಿ, ಮಡಚಿ, ಎಲ್ಲರೆದುರು ಡಬ್ಬಿಗೆ ಹಾಕಿದರೆ ಮುಗಿಯಿತು.

ಬಿಸಿಲೇರುತ್ತಿದ್ದಂತೆ ಹೆಂಗಸರ ಸಾಲು ಗೇಟು ದಾಟಿತು. ಸೆರಗನ್ನು ಗದ್ದದವರೆಗೆ ಎಳೆದುಕೊಂಡ ಒಬ್ಬಾಕೆ ಬಂದು ನಿಂತಳು. ಕೈಯಲ್ಲಿ ಪಟ್ಟಿಯ ನಂಬರು ಬರೆದ ಚೀಟಿ ಇಲ್ಲ. ಹೆಸರು ಕೇಳಿದರೆ ಊರ ದೇವರ ಹೆಸರು. ಆ ಹೆಸರಿನವರು ಓಣಿಗೆ ಆರು ಮಂದಿ. ಗಂಡನ ಹೆಸರು ಕೇಳಿದೆ. ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಹಿಂದಿನವರು ಗೊಣಗತೊಡಗಿದರು. ನನ್ನ ತಲೆ ಕೆಟ್ಟಿತು. ಪುಟದಲ್ಲಿ ಮೊದಲು ಕಣ್ಣಿಗೆ ಬಿದ್ದ ಆ ಹೆಸರನ್ನು ಗಂಡನ ಹೆಸರಿನ ಸಮೇತ ಓದಿ, "ಇದ ಹೌದಿಲ್ಲೋ?" ಎಂದು ಗದರಿದೆ. ಹೆದರಿಕೆಗೋ ನಾಚಿಕೆಗೋ ಸೆರಗು ಅಲ್ಲಾಡಿತು. ಗೆರೆ ಎಳೆದೆ. ತಕರಾರು ಮಾಡಬೇಕಿದ್ದ ಪಕ್ಷಗಳ ಏಜೆಂಟರು ಮಂಡಕ್ಕಿ ತಿನ್ನುತ್ತಿದ್ದರು.

ಮಧ್ಯಾಹ್ನ ಕೋಟೆ ಓಣಿಯ ಆಕೆ ಬಂದಳು. ಗಂಡನ ಹತ್ತಿರ ಹೋಗಿದ್ದವಳು ಸಿರುಗುಪ್ಪದ ಬಸ್ಸಿಳಿದು, ಹಬ್ಬಕ್ಕೆ ಉಡುವ ಸೀರೆಯಲ್ಲಿ ನೇರ ಶಾಲೆಗೇ ಬಂದಿದ್ದಳು. ನನ್ನನ್ನು ಕಂಡು ಮುಖವರಳಿತು.

"ನೀವ ಅದೀರಲ್ಲ ಮೇಷ್ಟ್ರೇ, ಬೇಸಾತು."

ಚೀಟಿಯ ನಂಬರು ನೋಡಿ ಪಟ್ಟಿ ತಿರುವಿದೆ. ಆಕೆಯ ಹೆಸರಿನ ಕೆಳಗೆ ನನ್ನದೇ ಕೆಂಪು ಗೆರೆ.

ಅಧಿಕಾರಿ ಬಗ್ಗಿ ನೋಡಿ, "ಏನಮ್ಮಾ, ಒಮ್ಮೆ ಹಾಕಿ ಹೋಗಿ ಮತ್ತ ಬಂದೀಯೇನು?" ಎಂದರು.

"ಮಸಿ ಎಲ್ಲೈತಿ ನೋಡ್ರಿ!" ಆಕೆ ಎಡಗೈ ಚಾಚಿದಳು.

"ಪಟ್ಟಿಯಾಗ ಇರಾಕಿ ನೀನ ಅಂತ ಹೆಂಗ ನಂಬೂದು?"

ಏಜೆಂಟರು ನಕ್ಕರು. ಆಕೆ ನನ್ನ ಮುಖ ನೋಡಿದಳು. ಇವಳೇ, ನಾನೇ ಬರೆದದ್ದು, ತಪ್ಪು ನನ್ನದು ಎಂದು ಆ ಕ್ಷಣವೇ ಹೇಳಬೇಕಿತ್ತು. ಹಾಳು ನಾಲಿಗೆ ಏಳಲಿಲ್ಲ. ಓಣಿಯಲ್ಲಿ ಅಷ್ಟು ಒದರಾಡಿದ ನಾಲಿಗೆ!

ಆಕೆ ಸೆರಗು ಬಿಗಿದು ಕಣ್ಣು ಮುಚ್ಚಿದಳು. ಆಮೇಲೆ ಗಂಡನ ಹೆಸರನ್ನು, ಮನೆತನದ ಹೆಸರು ಸೇರಿಸಿ, ಇಡೀ ಕೋಣೆಗೆ ಕೇಳುವಂತೆ ಹೇಳಿಬಿಟ್ಟಳು. ಆಕೆ ಎರಡೂ ಗಲ್ಲ ಬಡಿದುಕೊಂಡಳು. ಕಣ್ಣಲ್ಲಿ ನೀರಿತ್ತು.

"ಹೇಳೀನ್ರಿ. ಇನ್ನ ಕೊಡ್ರಿ."

ಆಗ ಎದ್ದು ನಿಂತೆ, ಎಲ್ಲ ಮುಗಿದ ಮೇಲೆ. "ತಪ್ಪು ನಂದು ಸಾರ್. ಬ್ಯಾರೆ ಒಬ್ಬಾಕಿ ಗೆರಿ ಈಕಿ ಹೆಸರಿಗೆ ಹಾಕೀನಿ. ಆಕಿ ಹೆಸರಿಗೆ ಗೆರಿ ಬಿದ್ದಿಲ್ಲ, ಅದರ ಮ್ಯಾಲ ಈಕಿಗೆ ಕೊಡ್ರಿ."

"ನನ್ನ ನೌಕರಿ ತೆಗಸ್ತೀರೇನು ಮೇಷ್ಟ್ರೇ?" ಅಧಿಕಾರಿ ಕೆಟ್ಟವರಲ್ಲ. ನಿಯಮದ ಪುಸ್ತಕ ಮಗುಚಿ ಮಗುಚಿ ನೋಡಿದರು. ಇದ್ದದ್ದು ಒಂದೇ ದಾರಿ. ಮತಪತ್ರ ಕೊಡಬಹುದು, ಮುದ್ರೆಯನ್ನೂ ಒತ್ತಬಹುದು. ಆದರೆ ಅದು ಡಬ್ಬಿಗಲ್ಲ, ಬೇರೆ ಲಕೋಟೆಗೆ. ಎಣಿಕೆಯ ದಿನ ಆ ಲಕೋಟೆ ಒಡೆಯುವುದಿಲ್ಲ, ನ್ಯಾಯಾಲಯ ಕೇಳಿದರಷ್ಟೇ. ಇದನ್ನು ನನ್ನ ಕಿವಿಯಲ್ಲಿ ಹೇಳಿದರು.

ಮಸಿ ಹಚ್ಚಿಸಿಕೊಂಡು, ಮುದ್ರೆ ಒತ್ತಿ ಬಂದವಳು ಮಡಚಿದ ಕಾಗದ ಹಿಡಿದು ಸೀದಾ ಡಬ್ಬಿಯ ಕಡೆಗೇ ನಡೆದಳು. ನಾನು ಅಡ್ಡ ನಿಂತೆ.

"ಅಲ್ಲಲ್ಲವ್ವ. ಇಲ್ಲಿ, ಈ ಲಕೋಟ್ಯಾಗ."

"ಯಾಕ್ರಿ? ಎಲ್ಲಾರದೂ ಡಬ್ಬ್ಯಾಗ ಬಿದ್ದಾವಲ್ಲ?"

"ನಿಂದು ಬ್ಯಾರೆ ಇಡ್ತಾರವ್ವ" ಎಂದೆ.

ಆಕೆ ಡಬ್ಬಿಯನ್ನೊಮ್ಮೆ, ಲಕೋಟೆಯನ್ನೊಮ್ಮೆ ನೋಡಿದಳು. "ಎಣಿಸ್ತಾರಲ್ಲ?"

"ಹೂಂ, ಎಣಿಸ್ತಾರ."

ಕಾಗದವನ್ನು ನಿಧಾನಕ್ಕೆ ಲಕೋಟೆಯೊಳಗೆ ಬಿಟ್ಟಳು. ಬಾಗಿಲ ತನಕ ಹೋದವಳು ತಿರುಗಿ ಬಂದು ದನಿ ತಗ್ಗಿಸಿದಳು. "ಮೇಷ್ಟ್ರೇ, ನಾ ಅವರ ಹೆಸರು ಹೇಳಿದ್ದು ಯಾರ ಮುಂದೂ ಆಡಬ್ಯಾಡ್ರಿ. ಓಟು ಬಿತ್ತಲ್ಲ, ಅಷ್ಟ ಸಾಕು."

ಆ ಹೆಸರನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಲಕೋಟೆಯ ವಿಷಯವನ್ನು ಆಕೆಗೂ ಹೇಳಲಿಲ್ಲ.