ಎದುರುಮನೆ ಟೀಚರ್ ತೆಗೆದುಕೊಟ್ಟ ಚೀಟಿ

ಆಫೀಸಿನ ಬ್ಯಾಗು ಹರಿದಿತ್ತು. ಎಸೆಯುವ ಮುನ್ನ ಒಳಜೇಬು ಕೊಡವಿದಾಗ ಹಳೆಯ ರೈಲ್ವೆ ಪಾಸಿನ ಜೊತೆ ಬೆರಳುದ್ದದ ಒಂದು ಚೀಟಿ ಬಿತ್ತು. ಮೂಗಿಗೆ ಹಿಡಿದರೆ ಇನ್ನೂ ಎದುರುಮನೆ ಟೀಚರ್ ಹಚ್ಚುತ್ತಿದ್ದ ತಲೆನೋವಿನ ಮುಲಾಮಿನ ವಾಸನೆ. ಥೂ, ಈ ಟೀಚರ್ ಇಲ್ಲಿಯೂ ನನ್ನನ್ನು ಬಿಡಲಿಲ್ಲವಲ್ಲ ಎಂದುಕೊಂಡೆ. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತೆ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅವರದು ಎದುರು ಬಾಗಿಲು. ಉಡುಪಿ ಕಡೆಯವರು, ಒಬ್ಬರೇ ಇದ್ದರು. ಕನ್ನಡ ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ನಮ್ಮ ಚರ್ಚಿನ ಕನ್ನಡ ಸಭೆಯ ಸಂಡೇ ಸ್ಕೂಲ್ ಮಾತ್ರ ಉಳಿದಿತ್ತು. ವಾರದ ಉಳಿದ ದಿನಗಳಿಗೆ ಸಿಕ್ಕವಳು ನಾನು. ಧಾರವಾಡದಿಂದ ಬಂದ ನಾನೂ ಅದೇ ಸಭೆಯವಳೇ, ಆದರೆ ದೇವರನ್ನು ಭಾನುವಾರಕ್ಕಷ್ಟೇ ಇಟ್ಟುಕೊಂಡವಳು.

ಅವರ ಬಳಿ ಒಂದು ವಾಗ್ದಾನದ ಪೆಟ್ಟಿಗೆ ಇತ್ತು. ನಮ್ಮವರ ಎಷ್ಟೋ ಮನೆಗಳಲ್ಲಿ ಇರುತ್ತದೆ. ಸಣ್ಣ ಡಬ್ಬಿಯೊಳಗೆ ಬೈಬಲಿನ ವಾಕ್ಯ ಅಚ್ಚಾದ ಚೀಟಿಗಳು. ಬೆಳಿಗ್ಗೆ ಕಣ್ಣು ಮುಚ್ಚಿ ಒಂದನ್ನು ತೆಗೆದು, ಓದಿ, ವಾಪಸ್ ಇಡುವುದು ಪದ್ಧತಿ. ಬೇರೆಯವರು ಓದಿ ಚಹಾ ಕುಡಿಯುತ್ತಾರೆ. ಇವರು ಮಾತ್ರ ಓದಿದ್ದನ್ನು ಕತ್ತಲಾಗುವುದರೊಳಗೆ ಮಾಡಿ ಮುಗಿಸಬೇಕು. ಹಸಿದವರಿಗೆ ಕೊಡಬೇಕೆಂಬ ವಾಕ್ಯ ಬಂದ ದಿನ ಅವರ ಮನೆಯಲ್ಲಿ ಗಂಜಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಫ್ರಿಜ್ ಕೆಟ್ಟಿತ್ತೆಂದು ಅವರ ಫ್ರಿಜ್ಜಿನಲ್ಲಿ ಇಟ್ಟಿದ್ದ ಕೋಳಿಸಾರು ಪಾತ್ರೆ ಸಮೇತ ವಾಚ್‌ಮನ್ನನ ಮನೆಗೆ ಹೋಯಿತು.

ನನ್ನ ಹೆಸರಿನಲ್ಲೂ ದಿನಾ ಒಂದು ಚೀಟಿ ತೆಗೆಯುತ್ತಿದ್ದರು. ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸಿ ಮಹಾಪೆಯ ಆಫೀಸು ಮುಟ್ಟಬೇಕಾದವಳಿಗೆ ಬೆಳಗಿನ ಒಂದು ನಿಮಿಷ ಎಂದರೇನು ಎಂದು ಅವರಿಗೆ ಗೊತ್ತಿತ್ತು. ಆದರೂ ಮೆಟ್ಟಿಲಿಗೆ ಅಡ್ಡ ನಿಲ್ಲುತ್ತಿದ್ದರು.

“ಟ್ರೇನ್ ಹೋಗ್ತದ್ರೀ ಟೀಚರ್.”

“ಹೋಗ್ಲಿ ಮಾರಾಯ್ತಿ, ಹಿಂದೆಯೇ ಇನ್ನೊಂದು ಉಂಟು. ಇದನ್ನು ಕೇಳಿ ಹೋಗು.”

ಹಿಂದೆಯೇ ಬರುವುದರಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಎಷ್ಟು ಬೆಳಗು ಹಲ್ಲು ಕಚ್ಚಿಕೊಂಡು ಆ ವಾಕ್ಯ ಕೇಳಿದ್ದೇನೋ...

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದೂ ಅದೇ ದಾರಿ. ಚೀಟಿಗಳನ್ನು ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಕಲ್ಯಾಣದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿ, ನಾನು ಬಾಸ್‌ನ ಕೈಕಾಲು ಹಿಡಿದು ರಜೆ ತೆಗೆದುಕೊಂಡೆ. ಆ ಬೆಳಿಗ್ಗೆ ಅವರ ಚೀಟಿಯಲ್ಲಿ ಬಂದದ್ದು ಕಾದುಕೊಂಡಿರಬೇಕೆಂಬ ವಾಕ್ಯ. ಸೀರೆ ಉಟ್ಟು ಸಿದ್ಧರಾಗಿದ್ದವರು ಚಪ್ಪಲಿ ಬಿಚ್ಚಿಟ್ಟು ಕುಳಿತುಬಿಟ್ಟರು.

ಎರಡನೆಯ ಸಲ ದಿನ ಗೊತ್ತಾದಾಗ ನಾಳೆಯ ಚಿಂತೆ ಬೇಡವೆಂಬ ವಾಕ್ಯ. ನನ್ನ ತಲೆ ಕೆಟ್ಟುಹೋಯಿತು.

“ಡಾಕ್ಟರನ್ನ ಮಾಡಿದಾವನೂ ದೇವರೇ ಅಲ್ರೀ?”

“ಹೌದು, ಇಲ್ಲ ಅಂದವರು ಯಾರು? ಆದರೆ ಹೊರಡು ಅಂತ ಹೇಳ್ಲಿಲ್ಲವಲ್ಲ.”

ಬೇರೆ ಚೀಟಿ ತೆಗೆಯಿರಿ ಎಂದರೆ, ಇದೆಂತ ಲಾಟರಿಯಾ ಎಂದು ನನಗೇ ಗದರಿದರು. ಇನ್ನೂ ತಡ ಮಾಡಿದರೆ ದೃಷ್ಟಿ ಮರಳುವ ಭರವಸೆ ಇಲ್ಲವೆಂದು ಡಾಕ್ಟರು ಕೊನೆಯ ದಿನ ಕೊಟ್ಟರು. ದೇವರ ಮೇಲಿನ ಅವರ ನಂಬಿಕೆ ದೊಡ್ಡದೇ, ಒಪ್ಪಿದೆ. ಆದರೆ ಅವರು ಕುರುಡಿಯಾಗುವುದನ್ನು ಎದುರು ಬಾಗಿಲಲ್ಲಿ ನಿಂತು ದಿನಾ ನೋಡಬೇಕಾದವಳು ನಾನಲ್ಲವೇ?

ಆ ಕೊನೆಯ ದಿನ ಬೆಳಿಗ್ಗೆ ಅವರಿಗೆ ಬಂದದ್ದು ಮೌನವಾಗಿರಬೇಕೆಂಬ ಚೀಟಿ. ಎದ್ದು ಹೊರಡು ಎಂದಿದೆ ಎಂದು ನಾನು ಸುಳ್ಳು ಓದಬಹುದಿತ್ತು. ಬಾಯಿ ಬರಲಿಲ್ಲ. ಇದ್ದದ್ದನ್ನೇ ಓದಿದೆ. ಅವರು ತಲೆ ಆಡಿಸಿ ಕುಳಿತರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

“ನಂದೂ ತಗೀರಿ ಮತ್ತ,” ಎಂದೆ.

ತೆಗೆದುಕೊಟ್ಟರು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂಬ ವಾಕ್ಯ. ಗಟ್ಟಿಯಾಗಿ ಓದಿದೆ.

“ಇದು ನನಗ ಬಂದದ್ದು. ಇವತ್ತ ಕತ್ತಲಾಗೂದ್ರಾಗ ನಾ ಇದನ್ನ ಮಾಡಬೇಕು. ನೀವು ಬರಲಿಲ್ಲಂದ್ರ ನಾ ದೇವರ ಮಾತು ಮೀರಿಧಾಂಗ. ಅದರ ಪಾಪ ಯಾರಿಗ್ರೀ?”

ಟೀಚರ್ ಕೈ ಚಾಚಿ ಆ ಚೀಟಿ ತೆಗೆದುಕೊಂಡು ಬೆರಳಿನಿಂದ ಸವರಿದರು. ತಾನು ಬಿದ್ದರೂ ಸರಿ, ಇನ್ನೊಬ್ಬರ ವಿಧೇಯತೆಗೆ ಅಡ್ಡ ಬರಬಾರದು ಎಂದು ಮಕ್ಕಳಿಗೆ ಕಲಿಸಿದವರು ಅವರೇ. ಕೊನೆಗೆ ಕಾಲಿನಿಂದ ನೆಲ ತಡವಿ ಚಪ್ಪಲಿ ಹುಡುಕಿದರು. ರಿಕ್ಷಾದಲ್ಲಿ ಠಾಕುರ್ಲಿ ದಾಟುವವರೆಗೂ ಮಾತಿಲ್ಲ; ಅವರ ಚೀಟಿಯನ್ನೂ ಅವರು ಪಾಲಿಸಿದರು.

ಒಂದು ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದಾಗ ಮೊದಲು ನೋಡಿದ್ದು ನನ್ನನ್ನು.

“ಎಂತ ಸಿಟ್ಟಿನ ಮುಖ ಮಾರಾಯ್ತಿ ನಿನ್ನದು,” ಎಂದರು. ಪೆಟ್ಟಿಗೆಗೆ ವಾಪಸ್ ಹೋಗಬೇಕಾದ ಆ ಚೀಟಿಯನ್ನು, ನಿನ್ನದೇ ಇಟ್ಟುಕೋ ಎಂದು ನನ್ನ ಬ್ಯಾಗಿಗೆ ತುರುಕಿದರು.

ಆ ಒಂದು ಕಣ್ಣಿನಿಂದಲೇ ಮತ್ತೆ ನನ್ನ ಟ್ರೇನ್ ತಪ್ಪಿಸಲು ಶುರು ಮಾಡಿದರು. ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಆಫೀಸಿನಲ್ಲಿದ್ದೆ. ಆಸ್ಪತ್ರೆಯಿಲ್ಲ, ಆರೈಕೆಯಿಲ್ಲ, ನನಗೆ ಏನನ್ನೂ ಮಾಡಗೊಡದೆ ಹೋದದ್ದಕ್ಕೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಎದುರು ಬಾಗಿಲಿಗೆ ಹೊಸ ಸಂಸಾರ ಬಂದಿದೆ. ಮೆಟ್ಟಿಲಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ. ಈಗ ನನಗೆ ಒಂದು ದಿನವೂ ಟ್ರೇನ್ ತಪ್ಪುವುದಿಲ್ಲ. ಚೀಟಿಯನ್ನು ಮತ್ತೊಮ್ಮೆ ಓದಿದೆ. ಕತ್ತಲಾಗುವುದರೊಳಗೆ ಮಾಡಬೇಕು ಎನ್ನುತ್ತಿದ್ದರಲ್ಲ... ಯಾರ ಭಾರ ಹೊರಲಿ ಟೀಚರ್?